ಎಣ್ಣೆಯ ಪದರ ನಿಜಕ್ಕೂ ಕರಗುತ್ತದೆಯೇ?

ಎಣ್ಣೆ ಬಿಟ್ಟ ಕೀಲೂ ಒಮ್ಮೊಮ್ಮೆ ಕಿರುಗುಟ್ಟುತ್ತದೆ. ಎರಡು ಮೈಗಳು ಒಂದೇ ಸಮನೆ ಜಾರದೆ ಕಚ್ಚಿ ನಿಂತು, ಸರಕ್ಕನೆ ಜಾರಿ, ಮತ್ತೆ ಕಚ್ಚಿಕೊಳ್ಳುವಾಗ ಹುಟ್ಟುವ ಸದ್ದು ಅದು. ನಡುವಿನ ದ್ರವ ಕೆಲವೇ ಅಣುಗಳಷ್ಟು ತೆಳುವಾದಾಗ ಹೀಗೇಕಾಗುತ್ತದೆ? ಪೀಟರ್ ಥಾಂಪ್ಸನ್ ಮತ್ತು ಮಾರ್ಕ್ ರಾಬಿನ್ಸ್ 1990ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಕೊಟ್ಟ ಉತ್ತರ ಕಾಲು ಶತಮಾನ ಹೆಚ್ಚುಕಡಿಮೆ ಪಾಠದಂತೆ ಚಾಲ್ತಿಯಲ್ಲಿತ್ತು.

ಅವರು ಕಂಪ್ಯೂಟರಿನಲ್ಲಿ ಎರಡು ಗೋಡೆಗಳ ನಡುವೆ ಗುಂಡಗಿನ ಅಣುಗಳನ್ನು ತುಂಬಿ, ಒಂದು ಗೋಡೆಯನ್ನು ಸ್ಪ್ರಿಂಗ್ ಮೂಲಕ ಎಳೆದರು. ನಿಂತಾಗ ಪದರ ಹರಳಿನಂತೆ ಗಟ್ಟಿಯಾಯಿತು; ಸೆಳೆತ ಮಿತಿಮೀರಿದಾಗ ಕರಗಿ ಹರಿಯಿತು; ವೇಗ ತಗ್ಗಿದೊಡನೆ ಮತ್ತೆ ಗಟ್ಟಿಯಾಯಿತು. ಎಳೆಯುವ ವೇಗ ಹೆಚ್ಚಿಸಿದಾಗ ಚಲನೆ ನಯವಾಯಿತು. ಅಭ್ರಕದ ನುಣುಪು ಹಾಳೆಗಳ ನಡುವೆ ನಡೆದ ಪ್ರಯೋಗಗಳೂ ಇಂಥದ್ದೇ ನಡೆಯನ್ನು ತೋರಿದ್ದವು. ಒಂದೇ ಕಾರಣದಿಂದ ಇಷ್ಟನ್ನೂ ಹೊರಡಿಸಿದ್ದು ಈ ಮಾದರಿಯ ದೊಡ್ಡ ಸಾಧನೆ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಬಲದ ಏರಿಳಿತ ಪ್ರಯೋಗಕ್ಕೆ ಹೊಂದಿತೆಂದ ಮಾತ್ರಕ್ಕೆ ಒಳಗಿನ ಕಥೆ ನಿಜವಾಗುವುದಿಲ್ಲ. ಕಂಪ್ಯೂಟರಿನ ಅಣುಗಳು ಬದುಕುವುದು ಸೆಕೆಂಡಿನ ಅತ್ಯಲ್ಪ ಭಾಗ. ಅವುಗಳ ಗೋಡೆ ಓಡುವ ವೇಗ ಪ್ರಯೋಗಾಲಯದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

ಕರಗಿದರೆ ಪದರ ಉಬ್ಬಲೇಬೇಕು. ಅದನ್ನೇ ಅಳೆದು ನೋಡಿದ್ದು ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಯಾಕೋಬ್ ಕ್ಲೈನ್ ಅವರ ತಂಡ, 2015ರಲ್ಲಿ. ಐದಾರು ಅಣುಪದರಗಳ ದ್ರವ ಕರಗಿದರೆ ಅಂತರ 0.4ರಿಂದ 0.5 ನ್ಯಾನೊಮೀಟರ್ ಹಿಗ್ಗಬೇಕಿತ್ತು. ಒಂದೊಂದು ಜಾರುವಿಕೆಯೂ ಸುಮಾರು 20 ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ. ಅಷ್ಟರೊಳಗೆ 0.1 ನ್ಯಾನೊಮೀಟರ್‌ನಷ್ಟು ಸೂಕ್ಷ್ಮವಾಗಿ ಅಳೆದರೂ ಹಿಗ್ಗು ಕಾಣಲಿಲ್ಲ! ಪದರದೊಳಗೋ ಗೋಡೆಯಂಚಿನಲ್ಲೋ ಜಾರುವಿಕೆ ನಡೆಯುತ್ತಿರಬಹುದು ಎಂದು ತಂಡ ಹೇಳಿತು. ಈ ಕ್ಷೇತ್ರದ ಅತ್ಯಂತ ಪ್ರಾಮಾಣಿಕ ಪ್ರಯೋಗಗಳಲ್ಲಿ ಇದೂ ಒಂದು: ಎಲ್ಲರೂ ಒಪ್ಪಿದ್ದ ಊಹೆಗೆ ಸೋಲುವ ಅವಕಾಶವನ್ನು ಇದು ನಿಜವಾಗಿ ಕೊಟ್ಟಿತು.

ಈ ಬೆಳಕಿನಲ್ಲಿ ಜೀನ್ ಕಾರ್ಲ್‌ಸನ್ ಮತ್ತು ಬಟಿಸ್ಟಾ 1996ರಲ್ಲಿ ಮಂಡಿಸಿದ ಸಮೀಕರಣವನ್ನು ಮತ್ತೆ ಓದಬೇಕು. ಭೂಕಂಪ ಅಧ್ಯಯನದ ಘರ್ಷಣಾ ನಿಯಮಗಳಂತೆ ಅದು ಪದರದ ಸ್ಥಿತಿಯನ್ನೆಲ್ಲ ಒಂದೇ ಚರಾಂಶದಲ್ಲಿ ಹಿಡಿಯುತ್ತದೆ: ಜಾರಿದಷ್ಟೂ ಪದರ ಸಡಿಲ, ನಿಂತಷ್ಟೂ ಬಿಗಿ. ಕರಗುವಿಕೆಯ ಕಲ್ಪನೆಯಿಂದಲೇ ಹುಟ್ಟಿದರೂ, ಅದನ್ನು ಕೈಬಿಟ್ಟ ಮೇಲೂ ಸಮೀಕರಣ ಕೆಲಸಕ್ಕೆ ಬರುತ್ತದೆ. ಯಂತ್ರದ ಕಂಪನ ತಗ್ಗಿಸಬೇಕಾದ ಎಂಜಿನಿಯರಿಗೆ ಅಷ್ಟು ಸಾಕು. ಸಡಿಲವಾಗುವುದು ಏನು ಎಂದು ಕೇಳಿದರೆ ಮಾತ್ರ ಅದರ ಬಳಿ ಉತ್ತರವಿಲ್ಲ.

ಕ್ಲೈನ್ ತಂಡ ಪರೀಕ್ಷಿಸಿದ್ದು ಗುಂಡಗಿನ ಅಣುಗಳ ಒಂದೇ ದ್ರವವನ್ನು. ಎಂಜಿನ್ ಎಣ್ಣೆಯ ಉದ್ದ ಸರಪಳಿಯ ಅಣುಗಳು ಹಾಗೆಯೇ ವರ್ತಿಸುತ್ತವೆ ಎನ್ನಲಾಗದು. ಅವುಗಳ ಮಾದರಿಗಳೂ ಬಲದ ಜೊತೆಗೆ ಪದರದ ದಪ್ಪವನ್ನು ಕ್ಷಣಕ್ಷಣಕ್ಕೂ ಮುನ್ನುಡಿದು ಇಂಥ ಅಳತೆಗೆ ಒಳಪಡಬೇಕು.