ಬಸ್ಸಿನಲ್ಲಿ ಬರುವ ಲಸಿಕೆ

ದಡಾರದ ಲಸಿಕೆ ಗುಡ್ನಾಪುರದಂಥ ಊರಿಗೆ ಬರುವಾಗ ಒಂದು ಶಿಸ್ತನ್ನೂ ಜೊತೆಗೆ ತರುತ್ತದೆ. ಲಸಿಕೆಯನ್ನು ತಂಪಾಗಿಡುವ ಆಸ್ಪತ್ರೆಯ ಐ.ಎಲ್.ಆರ್. ಪೆಟ್ಟಿಗೆ, ದಿನಕ್ಕೆರಡು ಸಲ ಉಷ್ಣತೆ ಬರೆದಿಡುವ ಪುಸ್ತಕ, ಸಿಸ್ಟರ್ ಹೆಗಲಿಗೇರಿಸುವ ಕ್ಯಾರಿಯರ್, ಅದರೊಳಗೆ ನಾಲ್ಕು ಐಸ್‌ಪ್ಯಾಕ್. ಸೀಸೆಯ ಮೇಲೊಂದು ವೃತ್ತ, ವೃತ್ತದೊಳಗೊಂದು ಚೌಕ. ಬಿಸಿ ತಾಗಿ ಚೌಕದ ಬಣ್ಣ ಗಾಢವಾಗಿ ವೃತ್ತಕ್ಕೆ ಸಮನಾದರೆ ಆ ಸೀಸೆಯನ್ನು ಬಳಸುವಂತಿಲ್ಲ. ಈ ವ್ಯವಸ್ಥೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಟೈಫಾಯಿಡ್ ಲಸಿಕೆಗೆ ಈ ಭಾಗ್ಯವಿಲ್ಲ. ಅದು ಸರ್ಕಾರದ ಉಚಿತ ಲಸಿಕೆಗಳ ಸಾಲಿನಲ್ಲಿಲ್ಲ. ಹೈದರಾಬಾದಿನಲ್ಲಿ ತಯಾರಾಗುವ ಟೈಫಾಯಿಡ್‌ನ ಸಂಯುಕ್ತ (ಕಾಂಜುಗೇಟ್) ಲಸಿಕೆಯನ್ನು ಪಾಕಿಸ್ತಾನ 2019ರಲ್ಲೇ ತನ್ನ ಮಕ್ಕಳ ಲಸಿಕಾ ಕಾರ್ಯಕ್ರಮಕ್ಕೆ ಸೇರಿಸಿಕೊಂಡಿತು. ನಮ್ಮವರು ಮಾತ್ರ ಡಾಕ್ಟರ ಚೀಟಿ ಹಿಡಿದು ಪೇಟೆಯ ಮೆಡಿಕಲ್ ಶಾಪಿಗೆ ಹೋಗಬೇಕು. ಅಂಗಡಿಯಿಂದ ಸೂಜಿಯವರೆಗಿನ ದಾರಿ ಯಾರ ಜವಾಬ್ದಾರಿಯೂ ಅಲ್ಲ. ನನ್ನ ತಕರಾರು ಇರುವುದು ಇಲ್ಲಿ, ಲಸಿಕೆಯ ಮೇಲಲ್ಲ.

ಮಗುವಿಗೆ ಇವತ್ತು ಜ್ವರ, ನಾಳೆ ಹಾಕಿಸೋಣ ಎಂದು ಔಷಧಿಯನ್ನು ಮನೆಗೆ ಒಯ್ದವರನ್ನು ನಾನು ಬಲ್ಲೆ. ಪ್ಲಾಸ್ಟಿಕ್ ಚೀಲದಲ್ಲಿ ಮಂಜುಗಡ್ಡೆ, ಅದರ ನಡುವೆ ಸೀಸೆ. ಮನೆಯಲ್ಲಿ ಅದರ ಜಾಗ ಫ್ರಿಜ್ಜಿನ ಬಾಗಿಲು. ಮಳೆಗಾಲದಲ್ಲಿ ಕರೆಂಟು ಹೋದರೆ ಫ್ರಿಜ್ಜೂ ಕಪಾಟೂ ಒಂದೇ. ಲಸಿಕೆಗೆ ಬೇಕಾದದ್ದು 2ರಿಂದ 8 ಡಿಗ್ರಿ. ತಂಪು ಹೆಚ್ಚಾದಷ್ಟೂ ಒಳ್ಳೆಯದು ಎಂಬ ನಂಬಿಕೆ ಬಿಸಿಲಿನಷ್ಟೇ ಕೆಟ್ಟದ್ದು, ಏಕೆಂದರೆ ಇದನ್ನು ಹೆಪ್ಪುಗಟ್ಟಲು ಬಿಡಲೇಬಾರದು. ಧನುರ್ವಾಯುವಿನ ಲಸಿಕೆ ಒಮ್ಮೆ ಹೆಪ್ಪುಗಟ್ಟಿದ್ದರೆ, ಅಲುಗಾಡಿಸಿ ಇಟ್ಟಾಗ ಅದರಲ್ಲಿನ ಅಲ್ಯೂಮಿನಿಯಂ ಲವಣ ಬೇಗ ತಳಕ್ಕಿಳಿದು ಗುಟ್ಟು ಬಿಟ್ಟುಕೊಡುತ್ತದೆ. ಈ ಟೈಫಾಯಿಡ್ ಲಸಿಕೆಯಲ್ಲಿ ಆ ಲವಣವೇ ಇಲ್ಲ. ಕರಗಿದ ಮೇಲೆ ನೋಡಿದರೆ ತಿಳಿನೀರಿನ ಹಾಗೆಯೇ ಇರುತ್ತದೆ. ಅನುಭವಿ ಸಿಸ್ಟರ್ ಕಣ್ಣಿಗೂ ಅದು ಸಿಕ್ಕದು. ಹಾಗಾಗಿ ಮನೆಗೆ ಹೋಗಿ ಬಂದ ಸೀಸೆಯನ್ನು ಹಾಕುವುದಿಲ್ಲ ಎನ್ನುವ ಡಾಕ್ಟರು ಜಿಗುಟುತನ ಮಾಡುತ್ತಿಲ್ಲ. ಲಸಿಕೆಯನ್ನು ತಾವೇ ತರಿಸಿ, ತಮ್ಮ ಫ್ರಿಜ್ಜಿನ ನಡುವಿನ ಅರೆಯಲ್ಲಿ ಥರ್ಮಾಮೀಟರ್ ಜೊತೆ ಇಟ್ಟುಕೊಳ್ಳುವ ಕ್ಲಿನಿಕ್ಕು ಇನ್ನೂ ಮೇಲು.

ಚುಚ್ಚುವ ಕೆಲಸದಲ್ಲಿ ನಮ್ಮ ಸಿಸ್ಟರುಗಳ ಕೈ ಪಳಗಿದ್ದು. ಅರ್ಧ ಎಂ.ಎಲ್., ಹಸುಗೂಸಿಗೆ ತೊಡೆಯ ಸ್ನಾಯುವಿಗೆ, ದೊಡ್ಡವರಿಗೆ ರಟ್ಟೆಗೆ, ಹೊಸ ಸಿರಿಂಜು. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕುವ ಹಳೆಯ ಚಾಳಿ ಮಾತ್ರ ಅಲ್ಲಲ್ಲಿ ಉಳಿದಿದೆ; ಅದು ಚುಚ್ಚುವವರ ಬೆರಳಿಗೇ ಅಪಾಯ. ನಿಜವಾಗಿ ಸೋಲುವುದು ಆಮೇಲೆ. "ಅರ್ಧ ತಾಸು ಕೂತ್ಕಳಿ ಅಕ್ಕಾ" ಎಂದರೆ ತಾಯಿಯ ಕಣ್ಣು ಗಡಿಯಾರದ ಮೇಲೆ. ಬನವಾಸಿ ಕಡೆಯ ಬಸ್ಸು ಕಾಯುವುದಿಲ್ಲ. ತೀವ್ರ ಅಲರ್ಜಿ ಅಪರೂಪ. ಬಂದರೆ ಹೆಚ್ಚಾಗಿ ಆ ಅರ್ಧ ತಾಸಿನೊಳಗೇ ಬರುತ್ತದೆ. ಆಗ ಬೇಕಾದ ಅಡ್ರಿನಲಿನ್ ಕ್ಲಿನಿಕ್ಕಿನಲ್ಲಿದೆ, ಬಸ್ಸಿನಲ್ಲಿಲ್ಲ. ಬಸ್ಸಿನ ಹೊತ್ತು ಕೇಳಿಕೊಂಡು, ಕೂರಲು ಸಮಯವಿದ್ದರೆ ಮಾತ್ರ ಸೂಜಿ ಎತ್ತಬೇಕು.