ಲೆಕ್ಕ ತಪ್ಪಿಸಿದ ಮೊಟ್ಟೆ

ವಿಡಿಯೋ ಗೇಮ್ ಎಂದರೆ ಗಂಡುಹುಡುಗರು ಪರೀಕ್ಷೆಯ ಹೊತ್ತಿಗೆ ಮಾಡುವ ಪಾಪ ಎಂಬ ನಂಬಿಕೆ ನಮ್ಮ ಊರುಗಳಲ್ಲಿ ಬಲವಾಗಿದೆ. ಅದನ್ನೂ ಒಂದು ಕಥೆಯಂತೆ ಓದಬಹುದು, ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ವಾದಿಸಬಹುದು ಎಂದರೆ ಸೇಡಂನ ನಮ್ಮ ಸ್ಟಾಫ್ ರೂಮಿನಲ್ಲಿ ನಗುತ್ತಾರೆ. ನಗಲಿ ಬಿಡಿ. ಕಾದಂಬರಿ ಓದುವ ಹೆಂಗಸರನ್ನು ಕಂಡೂ ಜನ ಒಂದು ಕಾಲಕ್ಕೆ ಹೀಗೆಯೇ ನಕ್ಕಿದ್ದರು. ಈಚೆಗೆ ನಾನು ಆಡಿ ಮುಗಿಸಿದ ಒಂದು ಆಟದ ಕೊನೆಯ ಕೆಲವು ನಿಮಿಷಗಳು, ನಾನು ಓದಿದ ಎಷ್ಟೋ ಕಥೆಗಳ ಕೊನೆಗಿಂತ ಹೆಚ್ಚು ದಿನ ಮನಸ್ಸಿನಲ್ಲಿ ಉಳಿದವು. ಅದಕ್ಕಾಗಿ ಈ ನಾಲ್ಕು ಮಾತು.

ಆಟದ ಹೆಸರು ‘ಮೆಟ್ರಾಯ್ಡ್ 2: ರಿಟರ್ನ್ ಆಫ್ ಸಾಮಸ್’. 1986ರಲ್ಲಿ ಬಂದ ಮೊದಲ ಆಟದ ಮುಂದಿನ ಭಾಗ ಇದು. ಜಪಾನಿನ ನಿಂಟೆಂಡೊ ಕಂಪನಿ 1991ರಲ್ಲಿ ‘ಗೇಮ್ ಬಾಯ್’ ಎಂಬ ಅಂಗೈಯಲ್ಲಿ ಹಿಡಿಯುವ ಯಂತ್ರಕ್ಕಾಗಿ ಇದನ್ನು ಹೊರತಂದಿತು. ಆ ಯಂತ್ರದ ರೂವಾರಿ ಗುನ್‌ಪೇ ಯೊಕೊಯಿ ಅವರೇ ಆಟದ ನಿರ್ಮಾಪಕರು. 2023ರಲ್ಲಿ ಅದೇ ಕಂಪನಿಯ ‘ಸ್ವಿಚ್’ ಯಂತ್ರದಲ್ಲಿಯೂ ಇದನ್ನು ಆಡುವ ಅನುಕೂಲವಾಯಿತು. ಅಣ್ಣನ ಮಗ ಪರದೇಶದಿಂದ ತಂದ ಯಂತ್ರ ಬೇಸಿಗೆ ರಜೆಯಲ್ಲಿ ನನ್ನ ಕೈಗೆ ಬಂತು.

ಕಥೆ ಒಂದು ಸಾಲಿನದು. ದೂರದ ಒಂದು ಗ್ರಹದಲ್ಲಿ ಮೆಟ್ರಾಯ್ಡ್ ಎಂಬ ಪ್ರಾಣಿಗಳಿವೆ. ಗಾಳಿಯಲ್ಲಿ ತೇಲಿ ಬಂದು ಮೈಗೆ ಅಂಟಿಕೊಂಡರೆ ಜೀವಸತ್ವವನ್ನೇ ಹೀರಿಬಿಡುತ್ತವೆ. ದುಷ್ಟರು ಇವನ್ನು ಆಯುಧ ಮಾಡಿಕೊಳ್ಳದಂತೆ ಸಂತತಿಯನ್ನೇ ಅಳಿಸಿ ಬಾ ಎಂದು ಸರ್ಕಾರ ಸಾಮಸ್ ಅರಾನ್‌ಳನ್ನು ಕಳಿಸುತ್ತದೆ. ‘ಅರಾನ್‌ಳನ್ನು’ ಎಂದೆ, ಹೌದು, ಅವಳು ಹೆಣ್ಣು. 1986ರ ಆಟದಲ್ಲಿ ಇದನ್ನು ಕೊನೆಯವರೆಗೂ ಮುಚ್ಚಿಟ್ಟಿದ್ದರು. ಅದರ ಇಂಗ್ಲಿಷ್ ಕೈಪಿಡಿ ಕೂಡ ಅವಳನ್ನು ‘ಅವನು’ ಎಂದೇ ಕರೆದಿತ್ತು. ನಮ್ಮ ಕಡೆಯ ದೊಡ್ಡಾಟಗಳಲ್ಲಿ ರಾಣಿಯ ಸೀರೆಯೊಳಗೆ ಮೀಸೆ ಬೋಳಿಸಿದ ಗಂಡಸು ಇರುತ್ತಿದ್ದ. ಇಲ್ಲಿ ಉಕ್ಕಿನ ಕವಚದೊಳಗೆ ಹೆಣ್ಣಿದ್ದಾಳೆ.

ಶಹಾಬಾದಿನ ಫರ್ಸಿ ಖಣಿಗಳನ್ನು ಕಂಡವರಿಗೆ ಈ ಆಟದ ಲೋಕ ಹೊಸದೆನಿಸುವುದಿಲ್ಲ. ಪದರ ಪದರವಾಗಿ ಕೆಳಗಿಳಿಯಬೇಕು. ತಗ್ಗಿನಲ್ಲಿ ಮೈ ಸುಡುವ ದ್ರವ ನಿಂತಿರುತ್ತದೆ. ಆ ಭಾಗದ ಮೆಟ್ರಾಯ್ಡ್‌ಗಳನ್ನೆಲ್ಲ ಕೊಂದರೆ ನೆಲ ನಡುಗಿ ದ್ರವ ಇಳಿಯುತ್ತದೆ, ಕೆಳಗಿನ ದಾರಿ ತೆರೆಯುತ್ತದೆ. ನಕಾಶೆ ಇಲ್ಲ, ಬಂದ ದಾರಿಯನ್ನು ನಾವೇ ನೆನಪಿಡಬೇಕು. ಒಂದೇ ಬಗೆಯ ಪ್ರಾಣಿಯೊಡನೆ ಮತ್ತೆ ಮತ್ತೆ ಅದೇ ಬಗೆಯ ಕಾಳಗ ಬರುವುದರಿಂದ ನಡುವಿನಲ್ಲಿ ಬೇಸರ ಹುಟ್ಟುತ್ತದೆ. ಅದು ಈ ಆಟದ ದೋಷವೇ ಸರಿ.

ಪರದೆಯ ಮೂಲೆಯಲ್ಲಿ ಒಂದು ಅಂಕಿ ಇರುತ್ತದೆ. ಮೊದಲಿಗೆ 39. ಒಂದನ್ನು ಕೊಂದರೆ 38, ಇನ್ನೊಂದಕ್ಕೆ 37. ಈ ಅಂಕಿಯೇ ಆಟದ ಜೀವಾಳ. ಸ್ವಲ್ಪ ಹೊತ್ತಿಗೆ ನಮಗೆ ಪ್ರಾಣಿ ಕಾಣುವುದೇ ಇಲ್ಲ, ಅಂಕಿಯೊಂದೇ ಕಾಣುತ್ತದೆ. ಮೇಲಿನಿಂದ ಬಂದ ಅಂಕಿಯನ್ನು ಸೊನ್ನೆಗೆ ಇಳಿಸುವ ಕೆಲಸ ನಮ್ಮಂಥ ಮಾಸ್ತರಿಕೆಯವರಿಗೆ ಹೊಸದಲ್ಲ. ಶಾಲೆಯಿಂದ ಹೊರಗುಳಿದ ಮಕ್ಕಳ ಸಮೀಕ್ಷೆಗೆ ಹೋದವರಿಗೆ ಅದು ಗೊತ್ತು. ಕಾಗದದ ಮೇಲೆ ಲೆಕ್ಕ ಸರಸರನೆ ಇಳಿಯುತ್ತದೆ. ವಾಡಿಯ ಕಡೆ ಕಲ್ಲಿನ ರಾಶಿಯ ಪಕ್ಕ, ಸೊಂಟದ ಮೇಲೆ ತಮ್ಮನನ್ನು ಹೊತ್ತು ನಿಂತ ಒಬ್ಬ ಹುಡುಗಿ ಕಣ್ಣಿಗೆ ಬಿದ್ದಾಗ ಮಾತ್ರ ಕೈಯಲ್ಲಿನ ಪೆನ್ನು ನಿಲ್ಲುತ್ತದೆ.

ಈ ಆಟವೂ ಅಲ್ಲಿಗೇ ಬಂದು ನಿಲ್ಲುತ್ತದೆ. ಎಲ್ಲಕ್ಕೂ ತಾಯಿಯಾದ ರಾಣಿ ಮೆಟ್ರಾಯ್ಡನ್ನು ಕೊಂದ ಮೇಲೆ ಒಂದು ಮೊಟ್ಟೆ ಉಳಿದಿರುತ್ತದೆ. ನೋಡುತ್ತಿದ್ದಂತೆ ಅದು ಒಡೆದು ಮರಿ ಹೊರಬರುತ್ತದೆ. ಮೊದಲು ಕಂಡದ್ದು ಸಾಮಸ್‌ಳನ್ನು. ಅವಳೇ ತಾಯಿ ಎಂದುಕೊಂಡು ಅವಳ ಸುತ್ತ ಸುಳಿಯುತ್ತದೆ. ಸಾಮಸ್ ಕೊಲ್ಲುವುದಿಲ್ಲ. ಒಂದು ಮಾತೂ ಇಲ್ಲ, ಉಪದೇಶವಂತೂ ಇಲ್ಲವೇ ಇಲ್ಲ. ಅಭ್ಯಾಸಬಲದಿಂದ ನನ್ನ ಹೆಬ್ಬೆರಳು ಬಂದೂಕಿನ ಗುಂಡಿಯ ಮೇಲೆಯೇ ಇತ್ತು. ಮೇಲಕ್ಕೆ ಹೋಗುವ ದಾರಿಗೆ ಅಡ್ಡವಾಗಿದ್ದ ಗಡ್ಡೆಗಳಿಗೆ ಗುಂಡು ಹೊಡೆಯಹೊರಟರೆ ಪಕ್ಕದಲ್ಲಿ ಕುಳಿತ ಹುಡುಗ, “ಅತ್ತಿ, ನೀ ಸುಮ್ಮ ನಿಂದರ, ಅದೇ ದಾರಿ ಮಾಡ್ತದ” ಎಂದ. ಹಾಗೆಯೇ ಆಯಿತು. ಮರಿ ಗಡ್ಡೆಗಳನ್ನು ತಿನ್ನುತ್ತಾ ದಾರಿ ಬಿಡಿಸಿತು. ಹಡಗು ಸಿಗುವವರೆಗೆ ಒಬ್ಬ ಶತ್ರುವೂ ಇಲ್ಲ. ಇಡೀ ಆಟ ಬಂದೂಕು ಕಲಿಸಿ, ಕೊನೆಗೆ ಬಂದೂಕಿಗೆ ಕೆಲಸವೇ ಇಲ್ಲದ ದಾರಿಯಲ್ಲಿ ನಮ್ಮನ್ನು ನಡೆಸುತ್ತದೆ. ಇದಕ್ಕಿಂತ ಹೆಚ್ಚಿನ ಜಾಣತನವನ್ನು ನಾನು ಈಚೆಗೆ ಯಾವ ಕಥೆಯಲ್ಲೂ ಕಂಡಿಲ್ಲ.

ಇದು ತಾಯ್ತನದ ಸಿಹಿಕಥೆ ಎಂದು ಮಾತ್ರ ದಯವಿಟ್ಟು ತಿಳಿಯಬೇಡಿ. ಆ ಮರಿ ತಾಯಿ ಎಂದು ನಂಬಿದ್ದು ತನ್ನ ತಾಯಿಯನ್ನು ಕೊಂದವಳನ್ನೇ. ಕರುಣೆ ಹುಟ್ಟಿತು, ಆದರೆ ಎಲ್ಲ ಮುಗಿದ ಮೇಲೆ ಹುಟ್ಟಿತು. ಚಿತ್ತಾಪುರದ ಕಡೆಯ ಸನ್ನತಿಯಲ್ಲಿ, ಚಂದ್ರಲಾಂಬೆಯ ಗುಡಿಯ ಆವರಣದಲ್ಲಿ ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲೊಂದರ ಮೇಲೆ ಅಶೋಕನ ಶಾಸನ ಸಿಕ್ಕಿತು. ಜನರೆಲ್ಲ ತನ್ನ ಮಕ್ಕಳು ಎಂದು ಅವನು ಅಧಿಕಾರಿಗಳಿಗೆ ಹೇಳುವ, ಕಳಿಂಗಕ್ಕಾಗಿ ಬರೆಸಿದ ಮಾತುಗಳು ಆ ಕಲ್ಲಿನ ಮೇಲಿವೆ. ಆ ಮಾತು ದೊಡ್ಡದು. ಆದರೆ ಕಳಿಂಗದಲ್ಲಿ ಹೆಣ ಬಿದ್ದ ಮೇಲೆ ಬಂದ ಮಾತು ಅದು. ತಡವಾಗಿ ಬಂದ ಕರುಣೆಯನ್ನು ಏನೆಂದು ಕರೆಯಬೇಕು? ಆಟ ಉತ್ತರ ಹೇಳದೆ ಪ್ರಶ್ನೆಯನ್ನು ನಮ್ಮ ಕೈಯಲ್ಲಿಟ್ಟು ಮುಗಿಯುತ್ತದೆ.

ಮುಂದಿನ ಆಟಗಳು ಈ ಲೆಕ್ಕವನ್ನು ಬೆಳೆಸಿವೆ. 1994ರ ‘ಸೂಪರ್ ಮೆಟ್ರಾಯ್ಡ್’ನಲ್ಲಿ ಅದೇ ಮರಿ ಸಾಮಸ್‌ಳನ್ನು ಉಳಿಸಲು ಹೋಗಿ ಸಾಯುತ್ತದೆ. 2002ರ ‘ಮೆಟ್ರಾಯ್ಡ್ ಫ್ಯೂಷನ್’ನಲ್ಲಿ ಗುಟ್ಟು ಹೊರಬೀಳುತ್ತದೆ: ಆ ಗ್ರಹದಲ್ಲಿ ಮೆಟ್ರಾಯ್ಡ್‌ಗಳು ಇನ್ನೂ ಭಯಂಕರವಾದ ಒಂದು ಪರಾವಲಂಬಿ ಜೀವಿಯನ್ನು ಹದ್ದಿನಲ್ಲಿಟ್ಟಿದ್ದವು, ಇವು ಅಳಿದ ಮೇಲೆ ಅದು ಹಬ್ಬಿತು. ಕೇರೆಹಾವನ್ನು ಕೊಂದು, ತೊಗರಿಯ ಚೀಲಗಳನ್ನು ಇಲಿಗಳಿಗೆ ಒಪ್ಪಿಸಿದ ಯಾವ ರೈತನೂ ಇದನ್ನು ಸುಲಭವಾಗಿ ತಿಳಿದುಕೊಳ್ಳುತ್ತಾನೆ.

ಎರಡು ಆಕ್ಷೇಪಣೆಗಳನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. 2017ರಲ್ಲಿ ಇದೇ ಆಟವನ್ನು ‘ಸಾಮಸ್ ರಿಟರ್ನ್ಸ್’ ಎಂದು ಹೊಸದಾಗಿ ಮಾಡಿದರು. ಅದರ ಕೊನೆಯನ್ನು ವಿಡಿಯೋದಲ್ಲಿ ನೋಡಿದೆ. ಚಿತ್ರ, ಬಣ್ಣ ಎಲ್ಲ ಸೊಗಸು. ಆದರೆ ಮರಿಯೊಡನೆ ಮರಳುವ ದಾರಿಯಲ್ಲೂ ಶತ್ರುಗಳು, ಹಡಗಿನ ಬಳಿ ರಿಡ್ಲಿ ಎಂಬ ರೆಕ್ಕೆಯ ರಾಕ್ಷಸನೊಡನೆ ದೊಡ್ಡ ಯುದ್ಧ. ಮೌನಕ್ಕೆ ಹೆದರಿ ಡೊಳ್ಳು ಬಡಿದಂತಾಗಿದೆ.

ಎರಡನೆಯದು ಹಳೆಯ ಆಟದ್ದೇ. ಬೇಗ ಮುಗಿಸಿದವರಿಗೆ ಒಂದು ಬಹುಮಾನವಿದೆ: ಮೂರು ಗಂಟೆಯೊಳಗೆ ಮುಗಿಸಿದರೆ ಸಾಮಸ್ ಕವಚ ಕಳಚಿ ತುಂಡುಬಟ್ಟೆಯಲ್ಲಿ ಕಾಣಿಸಿಕೊಳ್ಳುತ್ತಾಳೆ. ಗ್ರಹವೊಂದರ ಪಾತಾಳಕ್ಕೆ ಒಬ್ಬಳೇ ಇಳಿದು, ಕೊಲ್ಲದೆ ಬಿಡುವ ಧೈರ್ಯ ತೋರಿದ ಹೆಣ್ಣನ್ನು ಚುರುಕು ಹುಡುಗರಿಗೆ ಕೊಡುವ ಪೆಪ್ಪರ್‌ಮಿಂಟ್ ಮಾಡಿಬಿಟ್ಟಿದ್ದಾರೆ. ನಾನು ಆಡಿದ್ದು ನಿಧಾನವಾಗಿ, ಹಾದಿ ಹುಡುಕುತ್ತಾ, ಹತ್ತಾರು ದಿನ. ಹೀಗಾಗಿ ನನ್ನ ಆಟದಲ್ಲಿ ಅವಳು ಕವಚ ತೊಟ್ಟೇ ಉಳಿದಳು. ನೀವೂ ಆಡುವುದಾದರೆ ಅವಸರ ಮಾಡಬೇಡಿ.