ಮನೆಗೆ ಗೊತ್ತಿಲ್ಲದ ಮುಖವಾಡ: ಹದಿಹರೆಯದ ಸೂಪರ್‌ಹೀರೋ ಕಾಮಿಕ್ಸ್‌ಗಳ ಸೆಳೆತ

ಹದಿಹರೆಯದ ಸೂಪರ್‌ಹೀರೋಗಳ ಕಾಮಿಕ್ಸ್ ಬಗ್ಗೆ ನಮ್ಮ ಕೂಟಗಳಲ್ಲಿ ಎರಡು ಅಭಿಪ್ರಾಯಗಳನ್ನು ಕೇಳುತ್ತಿರುತ್ತೇನೆ. ಒಂದು, ಅದು ಓದೇ ಅಲ್ಲ, ಬರೀ ಹೊಡೆದಾಟದ ಚಿತ್ರಗಳು ಎಂಬುದು. ಇನ್ನೊಂದು, ಮಕ್ಕಳು ಏನಾದರೂ ಒಂದು ಓದುತ್ತಿದ್ದಾರಲ್ಲ, ಓದಿಕೊಳ್ಳಲಿ ಬಿಡಿ ಎಂಬುದು. ಬೈಯುವವರೂ ಬಿಡುವವರೂ ಪುಸ್ತಕವನ್ನು ತೆರೆದು ನೋಡಿರುವುದಿಲ್ಲ. ಅವುಗಳನ್ನು ತೆರೆದು, ಕಥೆಗಳೆಂದೇ ಗಂಭೀರವಾಗಿ ಓದಿ, ನಮ್ಮ ಮಕ್ಕಳನ್ನು ಅವು ಹಿಡಿದಿಡುವುದು ಏತರಿಂದ ಎಂದು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ನನ್ನ ವಾದ ಇಷ್ಟೇ. ಗೋಡೆ ಹತ್ತುವುದು, ಆಕಾಶದಲ್ಲಿ ಹಾರುವುದು ಮೇಲ್ನೋಟದ ಆಕರ್ಷಣೆ. ಒಳಗಿನ ಸೆಳೆತ ಇರುವುದು ಬೇರೊಂದು ಪ್ರಶ್ನೆಯಲ್ಲಿ: ನಾನು ಏನಾಗಿದ್ದೇನೆ ಎಂಬುದನ್ನು ಮನೆಯವರಿಗೆ ಹೇಳಬೇಕೇ, ಬೇಡವೇ? ಈ ಪ್ರಕಾರದ ಒಳ್ಳೆಯ ಕೃತಿಗಳೆಲ್ಲ ಈ ಪ್ರಶ್ನೆಗೆ ಕೊಟ್ಟ ಬೇರೆ ಬೇರೆ ಉತ್ತರಗಳು.

ಮನೆಯಿಲ್ಲದ ಹುಡುಗರು

1940ರಲ್ಲಿ ಎರಡು ಬಾಲಕ ಪಾತ್ರಗಳು ಬಂದವು. ಬಿಲ್ಲಿ ಬ್ಯಾಟ್ಸನ್ ಎಂಬ ಹುಡುಗ ಒಂದು ಮಂತ್ರಪದ ಹೇಳಿದ ಕೂಡಲೇ ಕ್ಯಾಪ್ಟನ್ ಮಾರ್ವೆಲ್ ಎಂಬ ವಯಸ್ಕ ವೀರನಾಗುತ್ತಿದ್ದ. ಬ್ಯಾಟ್‌ಮ್ಯಾನ್‌ನ ಜೊತೆಗಾರ ರಾಬಿನ್, ಸರ್ಕಸ್ಸಿನಲ್ಲಿ ತಂದೆತಾಯಿಯನ್ನು ಕಳೆದುಕೊಂಡ ಡಿಕ್ ಗ್ರೇಸನ್. ಇಬ್ಬರೂ ಅನಾಥರು. ಹೇಳಿಕೊಳ್ಳಲು ಮನೆಯೇ ಇಲ್ಲದ ಮೇಲೆ ಹೇಳುವ ಸಂಕಟವೂ ಇಲ್ಲ. ರಾಬಿನ್‌ಗಂತೂ ಸಾಕಿದವನೇ ಮುಖವಾಡದವನು. ಇಲ್ಲಿ ಹದಿಹರೆಯವೆಂದರೆ ಹಿರಿಯರ ನೆರಳಿನಲ್ಲಿ ಕಾಯುವ ಕಾಲ.

1954ರಲ್ಲಿ ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯ, ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತವೆ ಎಂದು ಪುಸ್ತಕವನ್ನೇ ಬರೆದ. ಅಮೆರಿಕದ ಸೆನೆಟ್ ವಿಚಾರಣೆ ನಡೆಸಿತು. ಪ್ರಕಾಶಕರು ಹೆದರಿ ತಮಗೆ ತಾವೇ ಒಂದು ನೀತಿಸಂಹಿತೆ ಹಾಕಿಕೊಂಡರು. ನಮ್ಮಲ್ಲಿ ಈಗ ಕೇಳಿಬರುವ ಆತಂಕ ಈ ದೇಶದಲ್ಲಿ ಆಗಲೇ ಒಂದು ಸುತ್ತು ಬಂದು ಹೋಗಿದೆ.

ದೊಡ್ಡಮ್ಮನಿಗೆ ಹೇಳದ ಮಾತು

ನಿಜವಾದ ತಿರುವು ಬಂದದ್ದು 1962ರ ಆಗಸ್ಟ್ ಸಂಚಿಕೆಯೊಂದರಲ್ಲಿ, ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೊ ಸೃಷ್ಟಿಸಿದ ಸ್ಪೈಡರ್‌ಮ್ಯಾನ್ ಜೊತೆ. ಹದಿಹರೆಯದವನು ಸಹಾಯಕನಾಗಬಹುದೇ ಹೊರತು ನಾಯಕನಾಗಲಾರ ಎಂದು ಪ್ರಕಾಶಕರು ಮೂಗು ಮುರಿದಿದ್ದರಂತೆ; ಲೀ ಇದನ್ನು ಮತ್ತೆ ಮತ್ತೆ ಹೇಳಿಕೊಂಡಿದ್ದಾರೆ. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ದೊಡ್ಡಪ್ಪ ಬೆನ್, ದೊಡ್ಡಮ್ಮ ಮೇ ಅವರ ಮನೆಯಲ್ಲಿ ಬೆಳೆಯುವ ಪೀಟರ್ ಪಾರ್ಕರ್ ಕನ್ನಡಕದ, ಓದುಗುಳಿ ಹುಡುಗ. ಶಕ್ತಿ ಬಂದೊಡನೆ ಅವನು ಲೋಕೋದ್ಧಾರಕ್ಕೆ ಹೊರಡುವುದಿಲ್ಲ. ದುಡ್ಡು ಮಾಡಲು ಟೀವಿಗೆ ಹೋಗುತ್ತಾನೆ. ತನಗೇಕೆ ಎಂದು ಓಡಲು ಬಿಟ್ಟ ಕಳ್ಳನೇ ಮುಂದೆ ದೊಡ್ಡಪ್ಪನನ್ನು ಕೊಲ್ಲುತ್ತಾನೆ.

ಶಕ್ತಿ ಮತ್ತು ಹೊಣೆಯ ಬಗೆಗಿನ ಆ ಪ್ರಸಿದ್ಧ ಮಾತನ್ನು ಹೇಳಿದವನು ಬೆನ್ ಎಂದೇ ಎಲ್ಲರ ನಂಬಿಕೆ. ಮೊದಲ ಕಥೆಯಲ್ಲಿ ಹಾಗಿಲ್ಲ. ಅದು ಕೊನೆಯ ಚೌಕದಲ್ಲಿ ನಿರೂಪಕನ ಮಾತಾಗಿ ಬರುತ್ತದೆ. ದೊಡ್ಡಪ್ಪ ಬುದ್ಧಿ ಹೇಳಿ ಸತ್ತದ್ದಲ್ಲ; ಹುಡುಗನೇ ತನ್ನಷ್ಟಕ್ಕೆ ಅರ್ಥ ಮಾಡಿಕೊಳ್ಳಬೇಕಾಯಿತು. ಈ ವ್ಯತ್ಯಾಸ ನನಗೆ ಮುಖ್ಯವೆನಿಸುತ್ತದೆ. ಹದಿಹರೆಯದ ಓದುಗರಿಗೆ ಉಪದೇಶದ ಕೊರತೆ ಯಾವತ್ತೂ ಇಲ್ಲ. ಅವರನ್ನು ತಟ್ಟುವುದು ಯಾರಿಗೂ ಹೇಳಿಕೊಳ್ಳಲಾಗದ ಪಶ್ಚಾತ್ತಾಪ.

ಆ ಗುಟ್ಟನ್ನು ಪೀಟರ್ ದೊಡ್ಡಮ್ಮನಿಂದ ದಶಕಗಳ ಕಾಲ ಮುಚ್ಚಿಟ್ಟ. ಜೆ. ಮೈಕೆಲ್ ಸ್ಟ್ರಾಝಿನ್ಸ್ಕಿ ಬರೆಯುತ್ತಿದ್ದ ದಿನಗಳಲ್ಲಿ, 2002ರ ಸುಮಾರಿಗೆ, ಅವರಿಬ್ಬರೂ ಕುಳಿತು ಮಾತಾಡುವ ಒಂದು ಸಂಚಿಕೆ ಬಂತು. ಅದರಲ್ಲಿ ಖಳರಿಲ್ಲ, ಹೊಡೆದಾಟವಿಲ್ಲ. ಬೆನ್ ಸತ್ತದ್ದು ತನ್ನಿಂದ ಎಂದು ಪೀಟರ್ ಬಾಯಿಬಿಡುತ್ತಾನೆ. ಆ ರಾತ್ರಿ ಜಗಳವಾಡಿ ಗಂಡ ಹೊರಗೆ ಹೋಗುವಂತೆ ಮಾಡಿದವಳು ತಾನೇ ಎಂದು ಆಕೆಯೂ ಅಷ್ಟು ವರ್ಷ ಕೊರಗಿರುತ್ತಾಳೆ. ಒಂದೇ ಸೂರಿನಡಿ ಇಬ್ಬರು ಒಂದೇ ದುಃಖವನ್ನು ಬೇರೆ ಬೇರೆಯಾಗಿ ಹೊತ್ತಿದ್ದರು. ಇಡೀ ಸರಣಿಯಲ್ಲಿ ಇದಕ್ಕಿಂತ ದೊಡ್ಡ ಸಾಹಸ ನನಗೆ ಕಂಡಿಲ್ಲ.

ಹೊಸ್ತಿಲು ದಾಟಿದವರು

1964ರಲ್ಲಿ ರಾಬಿನ್, ಕಿಡ್ ಫ್ಲ್ಯಾಶ್, ಆಕ್ವಾಲ್ಯಾಡ್ ಎಂಬ ಮೂವರು ಸಹಾಯಕರನ್ನು ಒಟ್ಟಿಗೆ ತಂದ ಕಥೆಯೇ ಟೀನ್ ಟೈಟನ್ಸ್ ತಂಡಕ್ಕೆ ಬೀಜ. ಅದಕ್ಕೆ ಜೀವ ಬಂದದ್ದು 1980ರಲ್ಲಿ, ಮಾರ್ವ್ ವುಲ್ಫ್‌ಮನ್ ಬರೆದು ಜಾರ್ಜ್ ಪೆರೆಝ್ ಚಿತ್ರಿಸಿದ ಹೊಸ ಸರಣಿಯಲ್ಲಿ. 1984ರಲ್ಲಿ ಡಿಕ್ ಗ್ರೇಸನ್ ರಾಬಿನ್ ವೇಷ ಕಳಚಿಟ್ಟು ನೈಟ್‌ವಿಂಗ್ ಎಂಬ ಹೊಸ ಹೆಸರು ತೊಟ್ಟ. ಸಾಕಿದವನ ಮೇಲೆ ದ್ವೇಷವಿಲ್ಲದೆಯೂ ಅವನ ನೆರಳಿನಿಂದ ಹೊರಬರಬಹುದು ಎಂದು ತೋರಿಸಿದ ಕಥೆ ಇದು.

ಇದಕ್ಕೊಂದು ಕಹಿ ಅಡಿಟಿಪ್ಪಣಿಯೂ ಇದೆ. ಡಿಕ್‌ನ ಜಾಗಕ್ಕೆ ಬಂದ ಜೇಸನ್ ಟಾಡ್ ಹೇಳಿದ ಮಾತು ಕೇಳದ ಹುಡುಗ. 1988ರಲ್ಲಿ ಅವನು ಸಾಯಬೇಕೇ ಬದುಕಬೇಕೇ ಎಂದು ದೂರವಾಣಿಯಲ್ಲಿ ಓದುಗರ ಮತ ಕೇಳಿದರು. ಸಾಯಲಿ ಎಂದವು 5,343 ಕರೆಗಳು, ಬದುಕಲಿ ಎಂದವು 5,271. ಎಪ್ಪತ್ತೆರಡು ಮತಗಳ ಅಂತರದಲ್ಲಿ ಹುಡುಗ ಸತ್ತ. ತುಂಟ ಮಗುವಿನ ಬಗ್ಗೆ ತಾಳ್ಮೆಯಿಲ್ಲದವರು ಹೆತ್ತವರಷ್ಟೇ ಅಲ್ಲ.

2003ರ ‘ರನ್‌ಅವೇಸ್’ ಇನ್ನೂ ಮುಂದೆ ಹೋಯಿತು. ಬ್ರಯನ್ ಕೆ. ವಾನ್ ಬರೆದು ಏಡ್ರಿಯನ್ ಆಲ್ಫೋನಾ ಚಿತ್ರಿಸಿದ ಈ ಸರಣಿಯಲ್ಲಿ ಲಾಸ್ ಏಂಜಲೀಸ್‌ನ ಆರು ಮಕ್ಕಳು ತಮ್ಮ ತಂದೆತಾಯಿಯರೇ ಕೊಲೆಗಡುಕ ಖಳರ ಕೂಟ ಎಂದು ಕಂಡುಕೊಂಡು ಓಡಿಹೋಗುತ್ತಾರೆ. ಗುಟ್ಟು ಇಲ್ಲಿ ಮಕ್ಕಳದ್ದಲ್ಲ, ಹಿರಿಯರದ್ದು. ಆದರೂ ಇದು ಹೆತ್ತವರನ್ನು ಹೀಗಳೆಯುವ ಅಗ್ಗದ ಕಥೆಯಲ್ಲ. ಆ ಆರು ಜನರಲ್ಲೇ ಒಬ್ಬ, ಅಪ್ಪ ಅಮ್ಮನ ಮೇಲಿನ ಪ್ರೀತಿಗೇ ಗೆಳೆಯರಿಗೆ ದ್ರೋಹ ಮಾಡುತ್ತಾನೆ. ಕೆಟ್ಟವರೆಂದು ತಿಳಿದ ಮಾತ್ರಕ್ಕೆ ಪ್ರೀತಿ ನಿಂತುಬಿಡುವುದಿಲ್ಲ ಎಂಬುದೇ ಅದರ ಗಾಢ ಎಳೆ.

ಮಗ ತಂದೆಗೆ ಎದುರು ನಿಲ್ಲುವುದು ಕನ್ನಡ ಓದುಗರಿಗೆ ಹೊಸದಲ್ಲ. ಲಕ್ಷ್ಮೀಶನ ಜೈಮಿನಿ ಭಾರತ ಬಭ್ರುವಾಹನ, ಸುಧನ್ವ, ಕುಶಲವರಂಥ ಎಳೆಯ ವೀರರಿಂದ ತುಂಬಿದೆ. ಬಭ್ರುವಾಹನ ಮೊದಲು ಕುದುರೆಯನ್ನು ಒಪ್ಪಿಸಿ ಮಗನೆಂದು ಹೇಳಿಕೊಳ್ಳಲು ಹೋಗುತ್ತಾನೆ. ಅರ್ಜುನ ಅವಮಾನಿಸಿದ ಮೇಲೆಯೇ ಕಾಳಗ. ಅವನಿಗೆ ಬೇಕಿದ್ದದ್ದು ಗೆಲುವಲ್ಲ, ತಂದೆಯ ಗುರುತಿಸುವಿಕೆ. ‘ರನ್‌ಅವೇಸ್’ ಮಕ್ಕಳಿಗೆ ಆ ಗುರುತಿಸುವಿಕೆಯೇ ಬೇಡವಾಗಿದೆ. ಅದು ಮತ್ತೆ ಬೇಕೆನಿಸುವುದು ಮುಂದಿನ ಕಥೆಯಲ್ಲಿ.

ನಮ್ಮ ಪಕ್ಕದೂರಿನ ಕಮಲಾ

2014ರಲ್ಲಿ ‘ಮಿಸ್ ಮಾರ್ವೆಲ್’ ಸರಣಿ ಆರಂಭವಾಯಿತು. ಬರೆದವರು ಜಿ. ವಿಲ್ಲೋ ವಿಲ್ಸನ್, ಸಂಪಾದಕಿ ಸನಾ ಅಮಾನತ್, ಚಿತ್ರಕಾರ ಅದೇ ಆಲ್ಫೋನಾ. ನಾಯಕಿ ಕಮಲಾ ಖಾನ್ ಹದಿನಾರರ ಪಾಕಿಸ್ತಾನಿ ಮೂಲದ ಹುಡುಗಿ. ಊರು ಜರ್ಸಿ ಸಿಟಿ. ನ್ಯೂಜೆರ್ಸಿಯಲ್ಲಿರುವ ನಮಗೆ ಅದು ಕರಿಬೇವು, ಕಾಫಿಪುಡಿ ತರಲು ಹೋಗುವ ನ್ಯೂಆರ್ಕ್ ಅವೆನ್ಯೂ ಇರುವ ಊರು. ಅವಳ ಹೆಸರು ನಮ್ಮ ಕಿವಿಗೆ ತಾವರೆ. ಅರಬ್ಬಿಯಲ್ಲಿ ಪರಿಪೂರ್ಣತೆ ಎಂಬ ಅರ್ಥವಿದೆ ಎಂದು ಕಥೆಯಲ್ಲಿ ಅವಳ ಅಪ್ಪನೇ ಹೇಳುತ್ತಾನೆ.

ಕಥೆ ತೆರೆಯುವಾಗ ಕಮಲಾ ತಾನು ತಿನ್ನುವಂತಿಲ್ಲದ ಹಂದಿಮಾಂಸದ ಸ್ಯಾಂಡ್‌ವಿಚ್‌ನ ವಾಸನೆ ನೋಡುತ್ತ ಅಂಗಡಿಯಲ್ಲಿ ನಿಂತಿದ್ದಾಳೆ. ಒಂದೇ ಚಿತ್ರದಲ್ಲಿ ಮನೆಯ ಕಟ್ಟಳೆ, ಹೊರಗಿನ ಆಸೆ, ನಡುವೆ ನಿಂತ ಹುಡುಗಿ! ಅಪ್ಪ ಬೇಡವೆಂದ ಪಾರ್ಟಿಗೆ ಕದ್ದು ಹೋದ ರಾತ್ರಿ ಅವಳಿಗೆ ಶಕ್ತಿ ಬರುತ್ತದೆ. ಆಗ ಕಾಣುವ ದರ್ಶನದಲ್ಲಿ ಅವಳ ಆರಾಧ್ಯ ನಾಯಕಿ ಕ್ಯಾಪ್ಟನ್ ಮಾರ್ವೆಲ್ ಅಮೀರ್ ಖುಸ್ರೋನ ಸಾಲುಗಳನ್ನು ನುಡಿಯುತ್ತಾಳೆ. ನಿನ್ನ ಹಾಗಾಗಬೇಕು ಎಂದು ಕಮಲಾ ಬೇಡುತ್ತಾಳೆ. ಹೊಂಬಣ್ಣದ ಕೂದಲು, ಬಿಳಿ ಮೈ, ಎತ್ತರದ ಬೂಟು ಎಲ್ಲ ಸಿಗುತ್ತವೆ. ಸಿಕ್ಕ ಮೇಲೆ ಬೂಟು ಕಚ್ಚುತ್ತದೆ, ಕೂದಲು ಮುಖಕ್ಕೆ ಬೀಳುತ್ತದೆ, ಆ ಮೈಯಲ್ಲಿ ಅವಳು ಇರಲಾರಳು. ಮುಂದೆ ತನ್ನದೇ ಬುರ್ಕಿನಿಯಿಂದ ಉಡುಪು ಮಾಡಿಕೊಳ್ಳುತ್ತಾಳೆ. ಇಲ್ಲಿ ಹುಟ್ಟಿದ ನಮ್ಮ ಮಕ್ಕಳು ಬಾಯಿಬಿಟ್ಟು ಹೇಳದ ಒಂದು ಆಸೆಯನ್ನು ಈ ಕಥೆ ಈಡೇರಿಸಿ, ಆಮೇಲೆ ಪ್ರಶ್ನಿಸುತ್ತದೆ. ಅದಕ್ಕೇ ಇದು ಬರೀ ಬುದ್ಧಿವಾದವಾಗಿ ಕೇಳುವುದಿಲ್ಲ.

ಹಿರಿಯರ ಚಿತ್ರಣವೂ ನ್ಯಾಯವಾಗಿದೆ. ಮಸೀದಿಯ ಶೇಖ್ ಗದರಿಸುತ್ತಾನೆಂದು ಕಮಲಾ ಅಂಜಿರುತ್ತಾಳೆ. ಆತನೋ, ನೀನು ಮಾಡುತ್ತಿರುವುದನ್ನು ಬಿಡಲಾರೆಯಾದರೆ ಧೈರ್ಯ, ಪ್ರಾಮಾಣಿಕತೆ, ಕರುಣೆಗಳಿಂದ ಮಾಡು, ಒಬ್ಬ ಗುರುವನ್ನು ಹುಡುಕಿಕೋ ಎಂಬರ್ಥದ ಮಾತಾಡುತ್ತಾನೆ. 2015ರಲ್ಲಿ, ಮೊದಲ ಸರಣಿಯ ಕೊನೆಗೆ, ಲೋಕವೇ ಮುಳುಗುವ ಹೊತ್ತಿನಲ್ಲಿ ಕಮಲಾ ಅಮ್ಮನ ಮುಂದೆ ಗುಟ್ಟು ಬಿಚ್ಚುತ್ತಾಳೆ. ಅಮ್ಮನಿಗೆ ಅದು ಮೊದಲೇ ಗೊತ್ತಿರುತ್ತದೆ. ಮಗಳು ತಾನಾಗಿ ಬಂದು ಹೇಳಲೆಂದು ಕಾದಿರುತ್ತಾಳೆ. ಹೆತ್ತವರನ್ನು ಖಳರಾಗಿ ಚಿತ್ರಿಸಿದ ಆಲ್ಫೋನಾನ ಕೈಯೇ ಹನ್ನೆರಡು ವರ್ಷಗಳ ಬಳಿಕ ಈ ತಾಯಿಯನ್ನು ಚಿತ್ರಿಸಿದ್ದು ನನಗೆ ಅರ್ಥಪೂರ್ಣವಾಗಿ ಕಂಡಿತು. ಈ ಸರಣಿಯ ಮೊದಲ ಸಂಪುಟಕ್ಕೆ ಅದೇ ವರ್ಷ ಹ್ಯೂಗೋ ಪ್ರಶಸ್ತಿಯೂ ಬಂತು.

ದೋಷಗಳು

ಇಷ್ಟು ಹೊಗಳಿದ ಮೇಲೆ ಕೊರತೆಯನ್ನೂ ಹೇಳಬೇಕು. ಈ ಕಥೆಗಳ ಖಳರು ಬಹುಪಾಲು ಸಪ್ಪೆ. ಕಮಲಾಳ ಮೊದಲ ವೈರಿ ಗಿಳಿ ಬೆರೆತ ಯಂತ್ರವಿಜ್ಞಾನಿ, ನೆನಪಲ್ಲಿ ಉಳಿಯುವುದು ಅವಳ ಮನೆಯ ಊಟದ ಮೇಜು. ಇನ್ನೂ ದೊಡ್ಡ ದೋಷ ವ್ಯಾಪಾರದ್ದು. ಪಾತ್ರ ಪ್ರಕಾಶಕರ ಸ್ವತ್ತಾದ್ದರಿಂದ ಅದಕ್ಕೆ ನಿಜವಾಗಿ ಬೆಳೆಯುವ ಹಕ್ಕಿಲ್ಲ. ಪೀಟರ್ ಮತ್ತು ದೊಡ್ಡಮ್ಮನ ಆ ಸಂಭಾಷಣೆಯನ್ನು ನೆನೆಯಿರಿ. 2007ರ ಕೊನೆಯಲ್ಲಿ ಬಂದ ಇನ್ನೊಂದು ಕಥಾತಿರುವು ಅವನ ಗುಟ್ಟನ್ನು ಎಲ್ಲರ ನೆನಪಿನಿಂದ ಅಳಿಸಿಹಾಕಿತು; ದೊಡ್ಡಮ್ಮನ ನೆನಪಿನಿಂದಲೂ. ಕಮಲಾಳನ್ನು 2023ರಲ್ಲಿ ಅವಳದ್ದಲ್ಲದ ಪತ್ರಿಕೆಯಲ್ಲಿ, ಸ್ಪೈಡರ್‌ಮ್ಯಾನ್ ಕಥೆಯ ನಡುವೆ, ಕೊಂದರು. ಕೆಲವೇ ತಿಂಗಳಲ್ಲಿ ಬದುಕಿಸಿದರು. ಮನೆಯಲ್ಲಿ ಒಮ್ಮೆ ಆಡಿದ ಮಾತನ್ನು ಹಿಂತೆಗೆದುಕೊಳ್ಳಲಾಗದು ಎಂಬ ಭಾರದಿಂದಲೇ ಈ ಕಥೆಗಳಿಗೆ ಬೆಲೆ. ಆ ಭಾರವನ್ನು ಇಳಿಸಿದರೆ ಉಳಿಯುವುದು ಬಣ್ಣದ ಬಟ್ಟೆ ಮಾತ್ರ.

ಕೊನೆಯದಾಗಿ

ಆದ್ದರಿಂದ ಎಲ್ಲವನ್ನೂ ಓದಿಸಿ ಎಂದು ನಾನು ಹೇಳಲಾರೆ. ‘ಮಿಸ್ ಮಾರ್ವೆಲ್’ನ ಮೊದಲ ಸರಣಿ, ‘ರನ್‌ಅವೇಸ್’ನ ಮೊದಲ ಸಂಪುಟಗಳು ಇವೆರಡು ಸಾಕು, ಗ್ರಂಥಾಲಯದಲ್ಲಿ ಕೇಳಿದರೆ ತರಿಸಿಕೊಡುತ್ತಾರೆ. ಎರಡನೆಯದರ ಆರಂಭದಲ್ಲೇ ಒಂದು ಕೊಲೆಯಿದೆ, ಚಿಕ್ಕ ಮಕ್ಕಳ ಕೈಗೆ ಬೇಡ. ಓದಿದ ಮೇಲೆ ಮಕ್ಕಳನ್ನು ಇದರಿಂದ ಏನು ಕಲಿತೆ ಎಂದು ಕೇಳಬೇಡಿ. ಆ ಪ್ರಶ್ನೆ ಅವರಿಗೆ ಶಾಲೆಯಲ್ಲೇ ಸಾಕಾಗಿದೆ. ಕಮಲಾ ಅಮ್ಮನಿಗೆ ಇನ್ನೂ ಮೊದಲೇ ಹೇಳಬಹುದಿತ್ತಲ್ಲವೇ ಎಂದು ಕೇಳಿ ನೋಡಿ. ಅವರು ಕೊಡುವ ಉತ್ತರ ಕಮಲಾಳ ಬಗ್ಗೆಯೇ ಇರುತ್ತದೆ ಎಂದೇನಿಲ್ಲ. ಹಾಗಾದಾಗ ನಡುವೆ ಬಾಯಿ ಹಾಕದೆ ಕೇಳಿಸಿಕೊಳ್ಳುವುದು ನಮ್ಮ ಪಾಲಿನ ಕೆಲಸ.